ಹೆಸರು ಬರೆಯದ ಶಿಲ್ಪಗಳು

ತುರ್ಕಿಯ ಝ್ಯೂಗ್ಮಾದಲ್ಲಿ ಬಣ್ಣದ ಕಲ್ಲಿನ ಚೂರು ಜೋಡಿಸಿ ಮಾಡಿದ ಹಳೆಯ ಮೊಸಾಯಿಕ್ ನೆಲಗಳು ಸಿಕ್ಕಿವೆ. ತುಂಬ ಗ್ರೀಕ್ ಪುರಾಣದ ದೇವತೆಗಳು, ವೀರರು. ಹಲವು ಆಕೃತಿಗಳ ಪಕ್ಕದಲ್ಲೇ ಹೆಸರೂ ಇದೆ. ನಮ್ಮ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ 987ರ ಶಾಸನವಿದೆ, ಆಮೇಲಿನವೂ ಹಲವಿವೆ. ದಾನ ಕೊಟ್ಟವರ ಹೆಸರು ಕಲ್ಲಿನ ಮೇಲೆ ಬಂತು. ಅನಂತಶಯನ, ಸೂರ್ಯ, ಮಹಿಷಮರ್ದಿನಿಯರಿಗೆ ಹೆಸರು ಬರೆಯುವ ಅಗತ್ಯ ರೂವಾರಿಗಳಿಗೆ ಕಾಣಲಿಲ್ಲ. ನೋಡುವವರಿಗೆ ಗೊತ್ತಾಗುತ್ತದೆಂಬ ನಂಬಿಕೆ.

ನಾನು ಚಿಕ್ಕವನಿದ್ದಾಗಲೂ ಆ ನಂಬಿಕೆ ಉಳಿದಿತ್ತು. ದೊಡ್ಡಾಟದಲ್ಲಿ ವೇಷ ಕಟ್ಟುತ್ತಿದ್ದ ಅಜ್ಜನೊಬ್ಬರಿದ್ದರು. ಅಕ್ಷರ ಬಾರದು, ಶಿಲ್ಪ ಮಾತ್ರ ಓದುತ್ತಿದ್ದರು. "ಕೋಣ ಕಂಡ ಕೂಡ್ಲೇ ಯಮ ಅನಬ್ಯಾಡಲೇ ತಮ್ಮಾ. ಮ್ಯಾಲೆ ಕುಂತಾನೋ, ಕಾಲಾಗ ತುಳಿದಾಳೋ ನೋಡು. ತುಳಿದಿದ್ರೆ ನಮ್ಮವ್ವ." ಎರಡೂ ಕೈಯಲ್ಲಿ ಕಮಲವಿದ್ದರೆ ಸೂರ್ಯ, ಮೊಸಳೆಯಂಥ ಮಕರದ ಮೇಲಿದ್ದರೆ ವರುಣ, ಟಗರಿನ ಮೇಲಿದ್ದರೆ ಅಗ್ನಿ. ತ್ರಿಶೂಲ ಹಿಡಿದ ಗ್ರೀಕರ ಕಡಲ ದೇವರು ಪೊಸೈಡನ್‌ನನ್ನು ತೋರಿಸಿದ್ದರೆ ಮೊದಲು ಶಿವ ಎನ್ನುತ್ತಿದ್ದರೇನೋ, ಸುತ್ತಲಿನ ಮೀನು ಕಂಡು ಖಂಡಿತ ತಡೆಯುತ್ತಿದ್ದರು.

ಇದನ್ನು ಅವರಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಬೆಳತನಕ ನಡೆಯುವ ದೊಡ್ಡಾಟ, ತೊಗಲುಗೊಂಬೆ, ಶ್ರಾವಣದ ಪುರಾಣ ಕಲಿಸಿದ್ದವು. ಪಾತ್ರಧಾರಿಯ ಕಿರೀಟ, ಗದೆ ನೋಡಿ ಬೆಳೆದ ಕಣ್ಣಿಗೆ ಕಲ್ಲಿನ ಮೂರ್ತಿ ಪರಿಚಯದ ನಂಟರಂತೆಯೇ ಕಾಣುತ್ತಿತ್ತು. ಈಗ ಆಟ ಕಟ್ಟುವ ಊರುಗಳು ಕಡಿಮೆಯಾಗಿವೆ. ಎಷ್ಟೋ ಗುಡಿಗಳಲ್ಲಿ ಸುಣ್ಣ, ಆಯಿಲ್ ಪೇಂಟ್ ಪದರ ಪದರವಾಗಿ ಕೂತು ಡಮರು ಯಾವುದು, ಶಂಖ ಯಾವುದು ತಿಳಿಯದು. ಚಾಲುಕ್ಯರ ಒಂದನೇ ಸೋಮೇಶ್ವರ 1068ರಲ್ಲಿ ತುಂಗಭದ್ರೆಯಲ್ಲಿ ಜಲಸಮಾಧಿಯಾದ ಕುರುವತ್ತಿಗೆ ಹೋಗಿ ನೋಡಿ. ಮಲ್ಲಿಕಾರ್ಜುನ ಗುಡಿಯ ಕಂಬಕ್ಕೆ ಆತು ನಿಂತ ಮದನಿಕೆಯರ ಬಳೆ, ಸರ, ಬೆರಳಿನ ಬಾಗು ಇನ್ನೂ ಕಣ್ಣು ಕೀಳಲು ಬಿಡವು. ಹುಡುಗರು ಸೆಲ್ಫಿ ತೆಗೆದು ಹೊರಟುಬಿಡುತ್ತಾರೆ. ಅವರದೇನು ತಪ್ಪು? ನಿಲ್ಲಿಸಿ ಹೇಳುವವರು ಬೇಕಲ್ಲ. ಸುಣ್ಣವನ್ನು ಪ್ರಾಚ್ಯವಸ್ತು ಇಲಾಖೆಯವರು ತೆಗೆಸಬಹುದು, ಹೇಳುವ ಅಜ್ಜನನ್ನು ತರಲಾರರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಮಕ್ಕಳನ್ನು ಹಂಪಿ ಪ್ರವಾಸಕ್ಕೆ ಕರೆದೊಯ್ಯುವ ಮೊದಲು, ದೊಡ್ಡಾಟ ಆಡಿದ ಹಿರಿಯರೊಬ್ಬರ ಜೊತೆ ನಿಮ್ಮೂರ ಹತ್ತಿರದ ಹಳೇ ಗುಡಿಗೆ ಕರೆದೊಯ್ಯಿರಿ. ಅವರು ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಈ ವರ್ಷವೇ ಮಾಡಿ.