ಯಾರು ಮಾಡಿದರು ಎಂಬ ಪ್ರಶ್ನೆ

ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರನ್ನು ಸೀಳಿಕೊಂಡು ನಡೆದವರಿಗೆ ಭಯ, ಭಕ್ತಿ ಎರಡೂ ಒಟ್ಟಿಗೇ ಬರುವುದು ಗೊತ್ತು. ನೆತ್ತಿಯ ಮೇಲೆ ಬಾವಲಿಗಳು, ದೇವರು ಇನ್ನೂ ದೂರ. ಅತಿಮಾನುಷ ಕಾದಂಬರಿ ನಮ್ಮನ್ನು ಹಿಡಿದಿಡುವುದೂ ಇದೇ ನಡಿಗೆಯ ಬಲದಿಂದ. ನಂಬದವರೂ ಹಿಂದಿರುಗುವುದಿಲ್ಲ.

ಯಂಡಮೂರಿ ವೀರೇಂದ್ರನಾಥರ ಮಾಟದ ಕಾದಂಬರಿ 'ತುಳಸಿದಳ' ತೆಲುಗಿನಿಂದ ಬಂದು ಕನ್ನಡದ ಮನೆಮನೆ ಸೇರಿತು. 1985ರಲ್ಲಿ ಕನ್ನಡ ಸಿನಿಮಾ ಕೂಡ ಆಯಿತು. ಬೀದರಿನ ಬಳಿಯ ಅಷ್ಟೂರಿನ ಹಳೆಯ ಗೋರಿಗಳಂಥ ತಾಣಗಳಲ್ಲಿ ಹೆದರಿಸುವುದು ಸುಲಭ. ಯಂಡಮೂರಿ ಭಯವನ್ನು ತಂದಿಟ್ಟದ್ದು ಕಾಯಿಲೆ ಬಿದ್ದ ಮಗುವಿನ ಹಾಸಿಗೆಯ ಪಕ್ಕಕ್ಕೆ. ಹೆತ್ತವರ ಸಂಕಟದ ಮುಂದೆ ವೈದ್ಯನ ಮಾತೂ ಮಾಂತ್ರಿಕನ ಮಾತೂ ಸಮ ತೂಗುತ್ತವೆ. ಆ ತೂಗಾಟವೇ ಕೃತಿಯ ದೊಡ್ಡ ಶಕ್ತಿ.

ದೌರ್ಬಲ್ಯವೂ ಅಲ್ಲೇ ಇದೆ. ತಕ್ಕಡಿಯನ್ನು ಕೊನೆಯವರೆಗೂ ತೂಗಾಡಲು ಬಿಟ್ಟರೆ ಓದುಗ ತನ್ನ ಹಳೆಯ ನಂಬಿಕೆಯನ್ನೇ ಮತ್ತಷ್ಟು ಗಟ್ಟಿ ಮಾಡಿಕೊಂಡು ಪುಸ್ತಕ ಮುಚ್ಚುತ್ತಾನೆ. ಇನ್ನೊಂದು ಕೊರತೆ, ಕಾದಂಬರಿಯ ಮಾಂತ್ರಿಕ ದೂರದ ಒಡಿಶಾದವನು. ಮಹಾರಾಷ್ಟ್ರ, ತೆಲಂಗಾಣಗಳ ನಡುವಿನ ನಮ್ಮ ಔರಾದ್ ಸೀಮೆಯ ಕತೆಗಳಲ್ಲೂ ಮಾಟಗಾರ ಸದಾ ಗಡಿಯಾಚೆಯವನೇ. ಬೇರೆ ಭಾಷೆಯವನ ಮೇಲೆ ಭಯ ಹೊರಿಸುವುದು ಕತೆಗಾರನಿಗೆ ಸಲೀಸು, ನೆರೆಹೊರೆಗೆ ನ್ಯಾಯವಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಪತ್ತೇದಾರಿ ಕತೆಯ ಮೂಲ ಪ್ರಶ್ನೆ: ಯಾರು ಮಾಡಿದರು? ಕೊಲೆಯ ಕತೆಯಲ್ಲಿ ಈ ಪ್ರಶ್ನೆ ಸಾಕ್ಷಿಯನ್ನು ಹುಡುಕುತ್ತದೆ. ಮಾಟದ ಕತೆಯಲ್ಲಿ ಮನುಷ್ಯರನ್ನು ಹುಡುಕುತ್ತದೆ. ಮಗುವಿಗೆ ಜ್ವರ ಇಳಿಯದಿದ್ದಾಗ "ಯಾರರ ಏನರ ಮಾಡ್ಯಾರ" ಎಂದು ಯಾರೋ ಅಂದರೆ, ಆ ಮಾತು ಹೋಗಿ ನಿಲ್ಲುವುದು ಒಂಟಿ ಮುದುಕಿಯ ಬಾಗಿಲಿಗೆ. ಕರ್ನಾಟಕ 2017ರಲ್ಲಿ ವಾಮಾಚಾರ ತಡೆಯುವ ಕಾಯ್ದೆ ತಂದದ್ದು ಇಂಥ ನೋವುಗಳನ್ನು ತಡೆಯಲಿಕ್ಕೂ ಹೌದು.

ಇಂಥ ಕತೆ ಓದುವ ನಮ್ಮ ಸೀಮೆಗೆ ಓದು ಸುಲಭಕ್ಕೆ ಸಿಕ್ಕಿದ್ದಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಮಠಾಧೀಶ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಅಷ್ಟು ಕಷ್ಟದಿಂದ ಅಕ್ಷರ ಕಂಡ ಸೀಮೆಯ ಓದುಗರು ಬರೀ ಮೈನವಿರೇಳಿಸುವ ಪುಸ್ತಕಕ್ಕಿಂತ ಹೆಚ್ಚಿನದಕ್ಕೆ ಹಕ್ಕುದಾರರು. ಭಯ ಇರಲಿ, ಅದರ ರುಚಿ ನನಗೂ ಬೇಕು. ಆದರೆ ಸುಳಿವುಗಳನ್ನು ಓದುಗ ತಾನೇ ಪರೀಕ್ಷಿಸುವಂತಿರಬೇಕು. ಊರೆಲ್ಲ ಅನುಮಾನಿಸಿದ ಆ ಮುದುಕಿಗೆ ತನ್ನ ಮಾತು ಹೇಳಲು ಒಂದು ಅಧ್ಯಾಯವಾದರೂ ಸಿಗಬೇಕು. ಅಂಥ ಕಾದಂಬರಿಯನ್ನು ನಮ್ಮ ಗಡಿಯ ಹುಡುಗ ಹುಡುಗಿಯರೇ ಬರೆಯಬೇಕು. ಭಯ ಯಾರ ಬಾಗಿಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಅವರು ಹತ್ತಿರದಿಂದ ಬಲ್ಲರು.