ಮೂರನೆಯ ವಾಸನೆ

ಚಿಕ್ಕೋಡಿ ದಾಟಿ ರಾಯಬಾಗದ ಕಡೆ ಹೊರಳಿದ್ದೆವು. ಬಿಸಿಲೇರಿತೆಂದು ಏಸಿ ಹಚ್ಚಿದೆ. ಹಿಂದಿನ ಸೀಟಿನಲ್ಲಿ ಸೋದರತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಏನೋ ತಮ್ಮಾ, ಗಾಡ್ಯಾಗ ಹಸೀ ಧೋತರ ಮುಚ್ಚಿಟ್ಟೀ ಏನ?” ಅಂದಳು. ಮಳೆಗಾಲವಿಡೀ ಒಳಗೇ ಕೂತಿದ್ದ ಮುಗ್ಗು ವಾಸನೆ.

ಕಾರಣ ಗೂಢವೇನಲ್ಲ. ಏಸಿಯ ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ, ಅದಕ್ಕೆ ಧೂಳು ಅಂಟುತ್ತದೆ, ಗಾಡಿ ನಿಂತ ಮೇಲೆ ಕತ್ತಲಲ್ಲಿ ಬೂಸರು ಹುಟ್ಟುತ್ತದೆ. ಫಿಲ್ಟರ್ ಬದಲಿಸಬೇಕು, ನೀರು ಹೋಗುವ ಪೈಪು ಕಟ್ಟಿದ್ದರೆ ಬಿಡಿಸಬೇಕು. ಯಾವ ಮಿಸ್ತ್ರಿಯನ್ನು ಕೇಳಿದರೂ ಹೇಳುತ್ತಾನೆ.

ನನ್ನ ಸಿಟ್ಟು ಬೂಸರಿನ ಮೇಲಲ್ಲ, ಸೆಂಟಿನ ಬಾಟಲಿಯ ಮೇಲೆ. ಗಣಪ್ಪನ ಮಗ್ಗುಲಿಗೆ ಒಂದು, ಕನ್ನಡಿಗೆ ಜೋತುಬಿದ್ದದ್ದು ಒಂದು, ಏಸಿಯ ಬಾಯಿಗೇ ಸಿಕ್ಕಿಸಿದ್ದು ಇನ್ನೊಂದು. ಬೂಸರಿಗೆ ಮಲ್ಲಿಗೆ ಬೆರೆತರೆ ಬೂಸರು ಹೋಗುವುದಿಲ್ಲ, ಮಲ್ಲಿಗೆ ಕೆಡುತ್ತದೆ. ನ್ಯಾಯಶಾಸ್ತ್ರದ ಹಳೆಯ ಪಂಡಿತ ಅನ್ನಂಭಟ್ಟ ತನ್ನ ತರ್ಕಸಂಗ್ರಹದಲ್ಲಿ ಬಣ್ಣ ಏಳು, ರುಚಿ ಆರು ಎಂದು ಧಾರಾಳವಾಗಿ ಎಣಿಸಿ, ವಾಸನೆಗೆ ಬಂದಾಗ ಕೈ ಬಿಗಿಹಿಡಿದು ಎರಡೇ ಎಂದುಬಿಟ್ಟ: ಸುರಭಿ, ಅಸುರಭಿ. ನಿಂಬೆಹಣ್ಣಿನ ಸೆಂಟು ಹಾಕಿದ ಮುಗ್ಗಲು ಕಾರಿನಲ್ಲಿ ಕುಡಚಿಯವರೆಗೆ ಕೂತಿದ್ದರೆ ಮೂರನೆಯದನ್ನು ಒಪ್ಪುತ್ತಿದ್ದ, ವಾಂತಿ ಮಾಡಿಕೊಂಡಾದರೂ.

ಅದೇ ತರ್ಕಸಂಗ್ರಹದ ಇನ್ನೊಂದು ಮಾತು ಮಿಸ್ತ್ರಿಗೂ ಒಪ್ಪಿಗೆಯಾದೀತು. ವಾಸನೆ ಮಣ್ಣಿನ ಗುಣ. ನೀರಿಗೂ ಗಾಳಿಗೂ ಸ್ವಂತ ವಾಸನೆಯಿಲ್ಲ, ಬಂದರೆ ಅದು ಮಣ್ಣಿನ ಬೆರಕೆಯಿಂದ ಬಂದದ್ದು. ಹಾಗಾದರೆ ನನ್ನ ಏಸಿಯೊಳಗೆ ಕೊಳೆಯುತ್ತಿರುವುದು ಯಾವ ಮಣ್ಣು? ಅಥಣಿಯ ಎರೆ ಇರಬೇಕು, ಕಬ್ಬಿನ ಟ್ರ್ಯಾಕ್ಟರು ಎಬ್ಬಿಸಿದ ಧೂಳಿರಬೇಕು, ನಿಪ್ಪಾಣಿಯ ತಂಬಾಕಿನ ಪುಡಿಯೂ ಒಂದು ಚಿಟಿಕೆ. ಐದು ತಾಲೂಕುಗಳನ್ನು ಅಂಗೈಯಗಲದ ಜಾಗದಲ್ಲಿ ಕೂಡಿಹಾಕಿ, ನೀರು ಹನಿಸಿ, ಬಾಗಿಲು ಮುಚ್ಚಿಬಿಟ್ಟಿದ್ದೇನೆ.

ಬಯಲಲ್ಲಿದ್ದಾಗ ಅವು ಹೀಗಿರಲಿಲ್ಲ. ಬಸ್ಸಿನ ಕಿಟಕಿಗೆ ಗಾಜೇ ಇಲ್ಲದ ಕಾಲದಲ್ಲಿ ಕಣ್ಣು ಮುಚ್ಚಿಕೊಂಡೇ ಊರು ಹೇಳುತ್ತಿದ್ದೆವು. ಮೂಗಿಗೆ ಘಾಟು ಹತ್ತಿ ಸೀನು ಬಂತೋ, ನಿಪ್ಪಾಣಿ. ಆ ಘಾಟಿನ ಬೆಲೆಗಾಗಿಯೇ 1981ರಲ್ಲಿ ತಂಬಾಕು ಬೆಳೆಗಾರರು ರೈತ ಮುಖಂಡ ಶರದ್ ಜೋಶಿಯವರ ಹಿಂದೆ ಹೆದ್ದಾರಿಯ ಮೇಲೆ ಕೂತದ್ದು. ಕೃಷ್ಣೆಯ ಸೇತುವೆ ದಾಟಿದ ಮೇಲೆ ಸಿಹಿಯೂ ಅಲ್ಲದ, ಹುಳಿಯೂ ಅಲ್ಲದ ಕಾಕಂಬಿಯ ಕಮಟು ಬಂತೋ, ಉಗಾರ. ಅಲ್ಲಿ 1939ರಿಂದ ಸಕ್ಕರೆ ಕಾರ್ಖಾನೆಯಿದೆ. ಹೊಸಬರು ಮುಖ ಸಿಂಡರಿಸುತ್ತಾರೆ, ಊರವರಿಗೆ ಅದು ಹಂಗಾಮು ಸುರುವಾದ ಸುದ್ದಿ. ಅಥಣಿಯ ಚಪ್ಪಲಿಯಂಗಡಿ ಸಾಲಿನಲ್ಲಿ ಎಣ್ಣೆ ಕುಡಿದ ಹೊಸ ತೊಗಲು. ಈಗ ಗಾಜೇರಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿ ಕಾಗವಾಡದ ಗಡಿ ದಾಟಿ ಮಿರಜ ಮುಟ್ಟುತ್ತೇವೆ. ದಾರಿಯುದ್ದಕ್ಕೂ ಎಲ್ಲ ಊರೂ ಒಂದೇ ಊರು, ಅದರ ಹೆಸರು ನಿಂಬೆಹಣ್ಣು.

ಏಸಿ ಇರುವವರಲ್ಲಿ ನನ್ನದೊಂದು ವಿನಂತಿ. ಊರು ನಾಲ್ಕೈದು ನಿಮಿಷವಿದೆ ಎನ್ನುವಾಗ ಏಸಿ ಆರಿಸಿ ಬರೀ ಫ್ಯಾನ್ ಬಿಡಿ, ಕಾಯಿಲ್ ಒಣಗುತ್ತದೆ. ಗಾಜೂ ಇಳಿಸಿರಿ. ಆ ಸೆಂಟಿನ ಬಾಟಲಿಯನ್ನು ಮಾತ್ರ ನನಗೆ ಉಡುಗೊರೆ ಕೊಡಬೇಡಿ, ಈಗಾಗಲೇ ಮೂರಿವೆ.