ಕೋನಾ ಕಡಲಿನ ಹಳದಿ ಮೀನು

ಪೆಸಿಫಿಕ್ ಸಾಗರದ ನಟ್ಟನಡುವಿನ ಹವಾಯಿ ದ್ವೀಪಸಮೂಹದಲ್ಲಿ ಎಲ್ಲಕ್ಕಿಂತ ದೊಡ್ಡ ದ್ವೀಪದ ಹೆಸರೂ ಹವಾಯಿಯೇ. ಅದರ ಪಶ್ಚಿಮದ ಅಂಚು ಕೋನಾ. ದಡದುದ್ದಕ್ಕೂ ಕಪ್ಪು ಲಾವಾ ಬಂಡೆಗಳು. ತುಸು ಮೇಲೇರಿದರೆ ಚಿಕ್ಕಮಗಳೂರನ್ನು ನೆನಪಿಸುವ ಕಾಫಿ ತೋಟಗಳು. ಬೆನ್ನಿಗೆ ಮೌನಾ ಲೋವಾ, ಹುವಾಲಲಾಯ್ ಎಂಬ ಜ್ವಾಲಾಮುಖಿ ಪರ್ವತಗಳು ನಿಂತು ಪೂರ್ವದ ಗಾಳಿಯನ್ನು ತಡೆಯುವುದರಿಂದ ಇಲ್ಲಿನ ಕಡಲು ವರ್ಷದ ಹೆಚ್ಚು ದಿನ ಶಾಂತ. ನೀರು ಎಷ್ಟು ತಿಳಿ ಎಂದರೆ ದಡದಿಂದಲೇ ಹವಳದ ದಿಬ್ಬಗಳು ಕಾಣುತ್ತವೆ. ಅವುಗಳ ಮೇಲೆ ನಿಂಬೆಹಣ್ಣಿನ ಬಣ್ಣದ, ತಟ್ಟೆಯಂತೆ ಚಪ್ಪಟೆಯಾದ ಮೀನುಗಳ ಹಿಂಡು. ಇಂಗ್ಲಿಷಿನಲ್ಲಿ ಇದು ಯೆಲ್ಲೋ ಟ್ಯಾಂಗ್. ಹವಾಯಿಯ ಮೂಲನಿವಾಸಿಗಳು ಮಾಗಿ ಹಳದಿಗಟ್ಟಿದ ಎಲೆಗೆ ಹೋಲಿಸಿ ಇದನ್ನು ಲಾವೀಪಲ ಎಂದು ಕರೆದರು.

ಈ ಬಣ್ಣವೇ ಮೀನಿಗೆ ಮುಳುವಾಯಿತು. ಮನೆಯ ಗಾಜಿನ ತೊಟ್ಟಿಯಲ್ಲಿ ಕಡಲನ್ನೇ ಇಟ್ಟುಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ಬೆಳೆದಂತೆ ಕೋನಾದ ನೀರಿಗೆ ಮುಳುಗುಗಾರರು ಇಳಿದರು. ಸಣ್ಣ ಕಣ್ಣಿನ ಬಲೆಯನ್ನು ಹವಳದ ನಡುವೆ ಬೇಲಿಯಂತೆ ನಿಲ್ಲಿಸಿ ಮೀನುಗಳನ್ನು ಅದರತ್ತ ಅಟ್ಟುವುದು ಅವರ ಕ್ರಮ. ಹಿಡಿದದ್ದನ್ನು ಆಳದಿಂದ ಒಮ್ಮೆಲೇ ಮೇಲೆತ್ತುವಂತಿಲ್ಲ; ಒತ್ತಡ ಇಳಿದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬುತ್ತದೆ. ಆಮೇಲೆ ಪ್ಲಾಸ್ಟಿಕ್ ಚೀಲ, ವಿಮಾನ, ಯಾವುದೋ ದೂರದ ಊರಿನ ಅಂಗಡಿ. ಇಲ್ಲಿ ಹಿಡಿದ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಈ ಒಂದೇ ಜಾತಿಯದು.

ಅದೇ ನೀರಿಗೆ ಪ್ರವಾಸಿಗಳನ್ನು ಕರೆತರುವ ದೋಣಿಯವರೂ ಇದ್ದರು. ನಿನ್ನೆ ಹಳದಿಯಾಗಿದ್ದ ದಿಬ್ಬ ಇಂದು ಬೋಳಾಗಿದ್ದರೆ ಅವರ ವ್ಯಾಪಾರ ನಡೆಯುವುದು ಹೇಗೆ? ಜಗಳ ವರ್ಷಗಟ್ಟಲೆ ನಡೆಯಿತು. ಕಡೆಗೆ 1998ರಲ್ಲಿ ಹವಾಯಿ ಶಾಸನಸಭೆ ಕಾನೂನು ತಂದಿತು: ಪಶ್ಚಿಮ ಕರಾವಳಿಯ ಕನಿಷ್ಠ ಶೇ. 30 ಭಾಗದಲ್ಲಿ ಅಕ್ವೇರಿಯಂಗಾಗಿ ಮೀನು ಹಿಡಿಯಬಾರದು. ಯಾವ ಭಾಗ ಎಂಬುದನ್ನು ಸ್ಥಳೀಯರ ಮಂಡಳಿಯೊಂದು ಕೂತು ಚರ್ಚಿಸಿತು. ಅದರಲ್ಲಿ ಮೀನು ಹಿಡಿಯುವವರಿಗೂ ಜಾಗವಿತ್ತು. ಒಂಬತ್ತು ತಾಣಗಳು ಗೊತ್ತಾದವು. 1999ರ ಕೊನೆಯ ದಿನದಿಂದ ಅಲ್ಲಿ ಬಲೆ ನಿಂತಿತು.

ಫಲ ಮಾತ್ರ ಕೂಡಲೇ ಸಿಗಲಿಲ್ಲ. ಈ ಮೀನಿನ ಮೊಟ್ಟೆ, ಮರಿಗಳು ವಾರಗಟ್ಟಲೆ ತೆರೆದ ಕಡಲಿನಲ್ಲಿ ತೇಲಿ ಅಲೆಯುತ್ತವೆ. ಆಮೇಲಷ್ಟೇ ಹವಳದ ಕವಲುಗಳಲ್ಲಿ ಬಂದು ಅಡಗುತ್ತವೆ. ಮರಿಗಳು ಚೆನ್ನಾಗಿ ಬಂದು ನೆಲೆಸುವ ವರ್ಷಕ್ಕಾಗಿ ಕಾಯಲೇಬೇಕು. ಅಂಥ ವರ್ಷಗಳು ಬಂದವು, ಮುಚ್ಚಿದ ತಾಣಗಳಲ್ಲಿ ಹಳದಿ ಹಿಂಡು ಹೆಚ್ಚಿತು. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಸೊಗಸಾದ ಸಂಗತಿಯನ್ನು ತಿಳಿಸಿತು. ತಾಯಿತಂದೆ ಯಾರೆಂದು ವಂಶವಾಹಿ ಪರೀಕ್ಷೆಯಿಂದ ಹುಡುಕಿದಾಗ, ಕೆಲವು ಮರಿಗಳು ಹುಟ್ಟಿದ ಜಾಗದಿಂದ 184 ಕಿಲೋಮೀಟರ್ ದೂರ ಹೋಗಿ ನೆಲೆಸಿದ್ದವು! ಮೀನು ಹಿಡಿಯುವ ಜಾಗಕ್ಕೂ ಮುಚ್ಚಿದ ತಾಣವೇ ಮರಿಗಳನ್ನು ಕಳಿಸುತ್ತಿತ್ತು.

2013ರ ಕೊನೆಯಲ್ಲಿ ಇನ್ನಷ್ಟು ನಿಯಮಗಳು ಬಂದವು. ಹಿಡಿಯಬಹುದಾದ ಮೀನುಗಳ ಪಟ್ಟಿಯಲ್ಲಿ ಉಳಿದದ್ದು 40 ಜಾತಿ. ಹಳದಿ ಮೀನಿಗಂತೂ ಅಳತೆಪಟ್ಟಿಯೇ ಬಂತು: ಎರಡು ಅಂಗುಲಕ್ಕಿಂತ ಚಿಕ್ಕವನ್ನೂ ನಾಲ್ಕೂವರೆ ಅಂಗುಲಕ್ಕಿಂತ ದೊಡ್ಡವನ್ನೂ ಒಬ್ಬರು ದಿನಕ್ಕೆ ಐದೈದರಂತೆ ಮಾತ್ರ ಹಿಡಿಯಬಹುದು. ದೊಡ್ಡವು ಮೊಟ್ಟೆಯಿಡುವ ಮೀನುಗಳು. ಹವಳದ ಮೇಲಿನ ಪಾಚಿ ಮೇಯ್ದು ಅದನ್ನು ಹಸನಾಗಿಡುವುದೂ ಇವೇ. ತಡೆ ಇಲ್ಲದಿದ್ದರೆ ಇವು 40 ವರ್ಷದವರೆಗೂ ಬದುಕಬಲ್ಲವು. ಎಷ್ಟು ಮನೆಗಳ ತೊಟ್ಟಿಯಲ್ಲಿ ಮೀನಿಗೆ ಅಷ್ಟು ಆಯುಸ್ಸು ಸಿಕ್ಕೀತು?

ವ್ಯಾಜ್ಯ ಅಲ್ಲಿಗೂ ಮುಗಿಯಲಿಲ್ಲ. ಪರಿಸರದ ಮೇಲಿನ ಪರಿಣಾಮ ಪರಿಶೀಲಿಸದೆ ಪರವಾನಗಿ ಕೊಡುವಂತಿಲ್ಲ ಎಂದು ಹವಾಯಿಯ ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿತು. ಕೋನಾದ ಬಲೆಗಳು ಒಣಗಿದವು. ಮೀನಿನಿಂದಲೇ ಸಂಸಾರ ಸಾಗಿಸುತ್ತಿದ್ದವರಿಗೆ ಇದು ದೊಡ್ಡ ಪೆಟ್ಟು. ನಿಯಮ ಪಾಲಿಸಿಯೂ ಕೆಲಸ ಹೋಯಿತಲ್ಲ ಎಂಬ ಅವರ ಅಳಲನ್ನು ತಳ್ಳಿಹಾಕಲಾಗದು.

ಇಷ್ಟರಲ್ಲಿ ಒವಾಹು ದ್ವೀಪದ ಓಷಿಯಾನಿಕ್ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳು ಈ ಮೀನನ್ನು ತೊಟ್ಟಿಯಲ್ಲೇ ಮರಿಮಾಡಿಸಿ ಬೆಳೆಸಿದ್ದರು. ಮರಿಯ ಬಾಯಿ ಎಷ್ಟು ಪುಟ್ಟದೆಂದರೆ ಅದಕ್ಕೆ ತಕ್ಕ ಆಹಾರ ಒದಗಿಸುವುದೇ ಹರಸಾಹಸ. ಕಣ್ಣಿಗೆ ಕಾಣದಷ್ಟು ಚಿಕ್ಕ ಜಲಜೀವಿಗಳನ್ನು ಸಾಕಿ, ಅವುಗಳ ಮರಿಗಳನ್ನು ಮೀನಿನ ಮರಿಗಳಿಗೆ ಉಣಿಸಬೇಕಾಯಿತು. ವರ್ಷಗಳ ಪ್ರಯತ್ನ 2015ರಲ್ಲಿ ಕೈಗೂಡಿತು. ಈಗ ತೊಟ್ಟಿಯಲ್ಲಿ ಹುಟ್ಟಿದ ಹಳದಿ ಮೀನು ಅಂಗಡಿಗಳಲ್ಲಿ ಸಿಗುತ್ತದೆ.

ಅಂದ ಹಾಗೆ, ಉಪ್ಪುನೀರಿನ ಅಕ್ವೇರಿಯಂ ಬೇಕೆಂದು ಮಕ್ಕಳು ಹಟ ಹಿಡಿಯುವ ಮನೆಗಳು ಭಾರತದಲ್ಲೂ ಇವೆ. ಇಲ್ಲಿನ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪಟ್ಟಿಗೆ ಹವಳವೂ ಕಡಲ್ಗುದುರೆಯೂ ಸೇರಿದ್ದು 2001ರಲ್ಲಿ. ಸಮುದ್ರತೀರದಲ್ಲಿ ಸಿಕ್ಕಿತೆಂದು ತೊಟ್ಟಿಯ ಅಂದಕ್ಕೆ ಇಡುವ ಬಿಳಿ ಹವಳದ ತುಂಡು, ಅದು ಸತ್ತು ಎಷ್ಟು ಕಾಲವಾಗಿದ್ದರೂ, ಆ ಕಾಯ್ದೆಯಿಂದ ಹೊರಗಿಲ್ಲ.